ಕಡಲು ಕಂಡ ದಿನ

ಕೊಟ್ರೇಶ ಮಗಳಿಗೆ ಕಡಲು ತೋರಿಸಲು ಹೊರಟಿದ್ದ, ತಾನು ಐದು ವರ್ಷದವನಿದ್ದಾಗ ಅವ್ವ ಕರೆದೊಯ್ದಿದ್ದ ಅದೇ ತೀರಕ್ಕೆ. ಬದುಕಿನಲ್ಲಿ ಸೋತಾಗಲೆಲ್ಲ ಅವನು ಆ ದಿನವನ್ನು ನೆನೆದೇ ಚೇತರಿಸಿಕೊಳ್ಳುತ್ತಿದ್ದ. ಆದರೆ ಅವ್ವ ಬರುವುದಿಲ್ಲವೆಂದು ಹಟ ಹಿಡಿದು ಕೂತಿದ್ದಳು. ಹೊರಗೆ ಕಾರಿನಲ್ಲಿ ಮಗಳು ಹಾರನ್ ಒತ್ತುತ್ತಿದ್ದಳು.

“ನೀನಿಲ್ದೆ ಏನು ಚೆಂದ ಅವ್ವಾ? ಆವತ್ತು ಹೊಸ ಅಂಗಿ ತೊಡಿಸಿದ್ದೆ, ಕೇಳಿದ್ದೆಲ್ಲ ಕೊಡಿಸಿದ್ದೆ, ಎತ್ಕೊಂಡು ನೀರಿಗಿಳಿದಿದ್ದೆ. ಎಲ್ಲಾ ನೆನಪೈತೆ ನಂಗೆ.”

“ಸುಮ್ನಿರೋ, ಅವ್ವನ್ನ ಬಲವಂತ ಮಾಡ್ಬೇಡ,” ಎಂದು ಪಕ್ಕದಲ್ಲಿದ್ದ ಅಕ್ಕ ಅವನ ತೋಳು ಹಿಡಿದಳು.

“ನಿಂಗೇನು ಗೊತ್ತು ಅಕ್ಕಾ ಆ ಖುಷಿ? ಆವತ್ತು ಅವ್ವ ಕೈ ಹಿಡ್ಕೊಂಡು ನೀರಿಗೆ ಕರೆದ್ರೆ ನೀನು ಚೀರ್ತಾ ಇದ್ದೆ.”

ಅಕ್ಕನ ಮುಖ ಬಿಳಿಚಿಕೊಂಡಿತು. ಅವ್ವ ಏನೋ ಹೇಳಲು ಬಾಯಿ ತೆರೆದಳು.

“ಬೇಡ ಅವ್ವಾ, ಹೇಳ್ಬೇಡ,” ಎಂದಳು ಅಕ್ಕ.

“ಏನು ಹೇಳ್ಬಾರ್ದು?” ಕೊಟ್ರೇಶನ ದನಿ ಏರಿತು.

ಅವ್ವ ನೆಲ ನೋಡುತ್ತ ಹೇಳಿದಳು: “ನಿಮ್ಮಪ್ಪ ನಮ್ಮನ್ನ ಬಿಟ್ಟುಹೋಗಿದ್ದ. ಆವತ್ತು ಕಡಲಿಗೆ ನಾನು ವಾಪಸ್ ಬರಬೇಕು ಅಂತ ಹೋಗಿರ್ಲಿಲ್ಲಪ್ಪಾ. ಮೂವರೂ ಒಟ್ಟಿಗೆ ಮುಳುಗಿಬಿಡಾಣ ಅಂತಿದ್ದೆ.”

ಕೊಟ್ರೇಶ ಅವ್ವನ ಎದುರು ನೆಲದ ಮೇಲೆ ಕೂತ. ಇಷ್ಟು ವರ್ಷ ಜೋಪಾನ ಮಾಡಿದ ದಿನ ಅವನ ಕಣ್ಣೆದುರೇ ಕಪ್ಪಾಗುತ್ತಿತ್ತು. ಅವ್ವನ ಮುಖ ನೋಡಿ ಕೇಳಿದ:

“ಮತ್ತೆ ಯಾಕೆ ವಾಪಸ್ ಬಂದ್ವಿ?”

“ನೀರು ನನ್ನ ಸೊಂಟ ದಾಟಿತ್ತು. ನಿನಗೆ ಹೆದರಿಕೆನೇ ಆಗ್ಲಿಲ್ಲ. ಚಪ್ಪಾಳೆ ತಟ್ಟಿ, ‘ಅವ್ವಾ, ನಾಳೆನೂ ಬರಾಣ’ ಅಂದ್ಬಿಟ್ಟೆ.”