ಒಂಬತ್ತನೇ ಪ್ರಯೋಗ

ತಿದ್ದಲೆಂದು ಪೇರಿಸಿಟ್ಟಿದ್ದ ಪ್ರಯೋಗದ ಪುಸ್ತಕಗಳಲ್ಲಿ ಒಂದರಲ್ಲಿ ಮಾತ್ರ ಒಂಬತ್ತು ಪ್ರಯೋಗಗಳಿದ್ದವು. ಸೈನ್ಸ್ ಟೀಚರು ಮಾಡಿಸಿದ್ದು ಎಂಟೇ. ಪುಟ ಮಗುಚಿ ಹೆಸರು ನೋಡಿದರು. ಸ್ಟಾಫ್ ರೂಮಿನವರೆಲ್ಲ 'ಪ್ರಶ್ನೆಪತ್ರಿಕೆ' ಎಂದು ಕರೆಯುವ ಹದಿಮೂರರ ಹುಡುಗಿಯದು. ತಾಯಿಯನ್ನು ಮಣ್ಣುಮಾಡಿ ಹನ್ನೆರಡು ದಿನಕ್ಕೆ, ನಿನ್ನೆಯಷ್ಟೇ, ಶಾಲೆಗೆ ಬಂದಿದ್ದಳು.

ಉದ್ದೇಶ: ಪ್ರಾರ್ಥನೆಯಿಂದ ಅಮ್ಮನ ಜ್ವರ ಇಳಿಯುತ್ತದೆಯೇ ಎಂದು ತಿಳಿಯುವುದು. ಇಳಿಯುವುದಾದರೆ ಪ್ರಾರ್ಥನೆಯ ಹೊತ್ತನ್ನು ಹೆಚ್ಚಿಸುವುದು.

ಬೇಕಾಗುವ ವಸ್ತುಗಳು: ಅಮ್ಮ, ಥರ್ಮಾಮೀಟರ್, ಗಡಿಯಾರ.

ವಿಧಾನ: ಮೊದಲ ಏಳು ದಿನ ಪ್ರಾರ್ಥನೆ ಮಾಡುವುದು. ಮುಂದಿನ ಏಳು ದಿನ ಮಾಡದಿರುವುದು. ಔಷಧಿ, ಊಟ, ಹಾಸಿಗೆ, ಕಿಟಕಿ ಎಲ್ಲವೂ ಮೊದಲಿನಂತೆಯೇ ಇರಬೇಕು. ಶಾಲೆಯಲ್ಲಿಯೂ ಯಾರೂ ಪ್ರಾರ್ಥಿಸಬಾರದು. ಅದಕ್ಕಾಗಿ ಅಮ್ಮನಿಗೆ ವಾಸಿಯಾಗಿದೆ ಎಂದು, ದಿನಾ ಬೆಳಿಗ್ಗೆ ಶಾಲೆಯಲ್ಲಿ ಅಮ್ಮನಿಗಾಗಿ ಪ್ರಾರ್ಥನೆ ಮಾಡಿಸುತ್ತಿದ್ದ ದೊಡ್ಡ ಸಿಸ್ಟರಿಗೆ ಹೇಳಲಾಯಿತು.

ಕೆಳಗೆ ಸ್ಕೇಲು ಹಿಡಿದು ಎಳೆದ ಎರಡು ಸಾಲಿನ ಪಟ್ಟಿ. ಎಡಗಡೆ ನೂರಮೂರರಿಂದ ಮೆಲ್ಲಗೆ ನೂರಕ್ಕೆ ಇಳಿದಿತ್ತು. ಬಲಗಡೆ ದಿನಕ್ಕಿಷ್ಟು ಏರುತ್ತಾ ಹೋಗಿ, ಆರನೆಯ ದಿನದ ಮುಂದೆ ಬರೀ ಒಂದು ಗೆರೆ. ಏಳನೆಯ ದಿನದ ಮುಂದೆ ಅದೂ ಇಲ್ಲ. 'ತೀರ್ಮಾನ' ಎಂದು ಬರೆದ ಕಡೆ ರಬ್ಬರಿನಿಂದ ಉಜ್ಜಿ ಉಜ್ಜಿ ಕಾಗದ ತೆಳ್ಳಗಾಗಿತ್ತು. ಬೆಳಕಿಗೆ ಹಿಡಿದರೆ 'ನಾನು' ಎನ್ನುವುದಷ್ಟೇ ಓದಲು ಬಂತು.

ಬೀಜದ ಕುಂಡಗಳ ಪಾಠದಲ್ಲಿ ಟೀಚರೇ ಬೋರ್ಡಿನ ಮೇಲೆ ಬರೆದು ಎರಡು ಗೆರೆ ಎಳೆದಿದ್ದರು: ಒಂದನ್ನು ಮಾತ್ರ ಬದಲಿಸಿ, ಉಳಿದದ್ದನ್ನೆಲ್ಲ ಹಾಗೇ ಬಿಡಿ. ಆ ಪಾಠಕ್ಕೆ ಈ ಹುಡುಗಿಗೆ ಹತ್ತಕ್ಕೆ ಹತ್ತು ಕೊಟ್ಟಿದ್ದರು.

ಪುಸ್ತಕ ಹಿಡಿದು ದೊಡ್ಡ ಸಿಸ್ಟರ ಕೋಣೆಗೆ ಹೋಗಲು ಎದ್ದವರು ಹಾಗೇ ಕೂತರು. ಸಿಸ್ಟರು ಒಳ್ಳೆಯವರು. ಹುಡುಗಿಯ ತಲೆ ಸವರಿ, ಪ್ರಾರ್ಥನೆ ಯಾವತ್ತೂ ವ್ಯರ್ಥವಾಗುವುದಿಲ್ಲ ಮಗು ಎನ್ನುತ್ತಾರೆ. ಅಷ್ಟು ಸಾಕು, ಅಮ್ಮನನ್ನು ಕೊಂದವಳು ತಾನೇ ಎಂದು ಹುಡುಗಿಗೆ ಖಾತ್ರಿಯಾಗುತ್ತದೆ. ಪ್ರಾರ್ಥನೆಗೂ ಜ್ವರಕ್ಕೂ ಸಂಬಂಧವಿಲ್ಲ ಎಂದು ತಾವೇ ಹೇಳಿಬಿಡಬಹುದು. ಆದರೆ ಅಮ್ಮ ಈಗ ದೇವರ ಹತ್ತಿರ ಇದ್ದಾಳೆ ಎಂದು ಮನೆಯಲ್ಲಿ ಯಾರೋ ಆ ಹುಡುಗಿಗೆ ಹೇಳಿರುತ್ತಾರೆ. ಇವಳ ಪ್ರಶ್ನೆ ಅಲ್ಲಿಗೂ ಹೋಗದೆ ಬಿಡುವುದಿಲ್ಲ.

ಮಧ್ಯಾಹ್ನದ ಬಿಡುವಿನಲ್ಲಿ ಲ್ಯಾಬಿಗೆ ಕರೆಸಿದರು. ಮನೆಯಲ್ಲಿ ಯಾರಾದರೂ ಇದನ್ನು ನೋಡಿದ್ದಾರಾ ಎಂದು ಕೇಳಿದರು. ಇಲ್ಲ, ಅಪ್ಪ ಮಾರ್ಕ್ಸ್ ಕಾರ್ಡ್ ಬಿಟ್ಟು ಬೇರೆ ಏನೂ ನೋಡುವುದಿಲ್ಲ ಎಂದಳು.

"ತೀರ್ಮಾನ ಯಾಕೆ ಅಳಿಸಿದೆ?"

"ತಪ್ಪಿದ್ರೆ ನೀವೇ ತಿದ್ತೀರಿ ಅಂತ ಬಿಟ್ಟೆ, ಮಿಸ್."

ಟೀಚರು ನಿಧಾನವಾಗಿ ವಿವರಿಸಿದರು. ಜ್ವರ ತಾನಾಗಿ ಏರುತ್ತದೆ, ತಾನಾಗಿ ಇಳಿಯುತ್ತದೆ. ಎರಡು ವಾರವೂ ಆಗದ ಲೆಕ್ಕ ಏನೂ ಅಲ್ಲ. ಒಬ್ಬರಿಗೆ ಹೀಗಾಯಿತೆಂದು ಯಾವುದೂ ಸಾಬೀತಾಗುವುದಿಲ್ಲ. ಹುಡುಗಿ ಪಾಠ ಕೇಳುವಂತೆಯೇ ತಲೆಯಾಡಿಸಿದಳು.

"ಎಷ್ಟು ಅಮ್ಮಂದಿರು ಬೇಕಿತ್ತು, ಮಿಸ್?"

ಅದರಲ್ಲಿ ಕೊಂಕೇನೂ ಇರಲಿಲ್ಲ. ಸಂಖ್ಯೆ ಬರೆದುಕೊಳ್ಳಲು ಪೆನ್ಸಿಲ್ಲನ್ನು ಕೈಗೆ ತೆಗೆದುಕೊಂಡಿದ್ದಳು.

ಟೀಚರು ಪುಸ್ತಕ ಮುಚ್ಚಿದರು. "ನಿನ್ನ ಪ್ರಯೋಗ ಮೊದಲೇ ಕೆಟ್ಟುಹೋಗಿತ್ತು ಕಣಮ್ಮ. ನೀನು ನಿಲ್ಲಿಸಿದ್ದ ಅಷ್ಟೂ ದಿನ ನಾನು ನಿಮ್ಮಮ್ಮನಿಗೋಸ್ಕರ ಪ್ರಾರ್ಥನೆ ಮಾಡ್ತಿದ್ದೆ."

"ವಾಸಿಯಾಯ್ತು ಅಂತ ಹೇಳಿದ್ನಲ್ಲ ಮಿಸ್."

"ನಾನು ನಂಬ್ಲಿಲ್ಲ."

ನಂಬಿದ್ದರು. ವಾಸಿಯಾಯಿತಂತೆ ಎಂದು ಕೇಳಿದ ಮಧ್ಯಾಹ್ನವೇ ಮರೆತೂ ಬಿಟ್ಟಿದ್ದರು.

ಹುಡುಗಿ ಬಹಳ ಹೊತ್ತು ಸ್ಟೂಲಿನ ಅಂಚನ್ನು ಉಗುರಿನಿಂದ ಕೆರೆಯುತ್ತಾ ಕೂತಳು. ಬಂದಾಗಿನಿಂದ ಕಿವಿಯವರೆಗೆ ಏರಿಸಿಕೊಂಡಿದ್ದ ಭುಜಗಳು ಸ್ವಲ್ಪ ಇಳಿದವು.

"ಹಾಗಾದ್ರೆ ಪ್ರಾರ್ಥನೆ ಇದ್ದೂ ಅಮ್ಮ ಹೋದ್ರು."

"ಹೂಂ," ಎಂದರು ಟೀಚರು.

ಹುಡುಗಿ ಪುಸ್ತಕ ಎಳೆದುಕೊಂಡು ಆ ತೆಳುವಾದ ಜಾಗದಲ್ಲಿ 'ಪ್ರಯೋಗ ಕೆಟ್ಟಿದೆ' ಎಂದು ಬರೆದಳು. ಕಾಗದ ಹರಿಯದಂತೆ ಹಗುರವಾಗಿ ಬರೆದಳು. ಥ್ಯಾಂಕ್ಯೂ ಮಿಸ್ ಎಂದು ಹೇಳಿ ಊಟದ ಡಬ್ಬಿ ಎತ್ತಿಕೊಂಡು ಹೊರಟಳು. ಡಬ್ಬಿ ತುಂಬಿಯೇ ಇತ್ತು.

ಮರುದಿನ ಬೆಳಿಗ್ಗೆ ಶಾಲೆಯ ಹಾಲ್‌ನಲ್ಲಿ ದೊಡ್ಡ ಸಿಸ್ಟರು ಒಂದೊಂದೇ ಸಾಲು ಹೇಳಿಕೊಡುತ್ತಿದ್ದರು, ಮುನ್ನೂರು ಮಕ್ಕಳು ಕಣ್ಣುಮುಚ್ಚಿ ಅದನ್ನೇ ಹೇಳುತ್ತಿದ್ದರು. ಟೀಚರು ಗೋಡೆಯ ಪಕ್ಕ ಕೈಮುಗಿದು ಕಣ್ಣುಮುಚ್ಚಿ ನಿಂತು, ಮೊದಲ ಪೀರಿಯಡ್ಡಿನ ಪ್ರಯೋಗಕ್ಕೆ ದೀಪದ ಸ್ಪಿರಿಟ್ ಸಾಕಾಗುತ್ತದೋ ಇಲ್ಲವೋ ಎಂದು ಯೋಚಿಸುತ್ತಿದ್ದರು. ಸಾಲಿನಲ್ಲಿ ಯಾರಾದರೂ ಗಲಾಟೆ ಮಾಡುತ್ತಿದ್ದಾರೇನೋ ಎಂದು ಕಣ್ಣು ತೆರೆದರು. ಅಷ್ಟು ಜನರ ನಡುವೆ ಆ ಹುಡುಗಿ ಒಬ್ಬಳೇ ಕಣ್ಣು ಬಿಟ್ಟುಕೊಂಡು ನಿಂತಿದ್ದಳು. ಅವಳು ರೆಪ್ಪೆ ಮಿಟುಕಿಸದೆ ಟೀಚರ ಮುಚ್ಚಿದ ತುಟಿಗಳನ್ನೇ ನೋಡುತ್ತಿದ್ದಳು.