ಎರಡೂ ಅಂಚು

ಗೀತಮ್ಮನ ತಲೆಯ ಸ್ಕ್ಯಾನ್ ಫಿಲ್ಮನ್ನು ಚಳ್ಳಕೆರೆಯ ವೈದ್ಯೆ ಕಿಟಕಿಯ ಬೆಳಕಿಗೆ ಹಿಡಿದು, ನಟ್ಟನಡುವಿನ ಬಿಳಿ ಉಂಡೆಯ ಮೇಲೆ ಬೆರಳಿಟ್ಟರು. "ಇದು ಅಪರೂಪದ ಗಡ್ಡೆ. ಕಣ್ಣಿನ ನರಗಳನ್ನು ಒತ್ತುತ್ತಿದೆ. ಅದಕ್ಕೇ ನಿಮಗೆ ಎದುರಿನದು ಕಾಣುತ್ತೆ, ಎರಡೂ ಪಕ್ಕದ್ದು ಕಾಣಲ್ಲ. ಬೇಗ ತೆಗೆಸಿದರೆ ನೋಟ ಉಳಿಯಬಹುದು."

ಗಂಡ ಮಹಾಂತೇಶನಿಗೆ ಮೊಳಕಾಲ್ಮೂರಿನ ಮನೆಯ ಮಗ್ಗದಲ್ಲಿ ಅವಳು ಅರ್ಧ ನೇಯ್ದಿದ್ದ ರೇಷ್ಮೆ ಸೀರೆ ನೆನಪಾಯಿತು. ನಡುವಿನ ಬುಟ್ಟಾ ಒಂದೂ ತಪ್ಪಿರಲಿಲ್ಲ. ಎರಡೂ ಅಂಚಿನಲ್ಲಿ ಮಾತ್ರ ಹರಿದ ಎಳೆಗಳು ಹಾಗೇ ಉಳಿದಿದ್ದವು. "ಧ್ಯಾನ ಎಲ್ಲೈತೆ ನಿಂಗೆ? ಮಗ್ಗದ ಮುಂದೆ ನಿದ್ದೆ ಹೊಡೀತೀಯಾ?" ಎಂದು ಮೂರು ತಿಂಗಳಿಂದ ಬೈಯುತ್ತಲೇ ಇದ್ದ.

"ಆ ಸೀರೇನ ಬಿಚ್ಚಿ ನಾನೇ ನೇಯ್ತೀನಿ ಕಣೇ," ಎಂದ, ತಲೆ ತಗ್ಗಿಸಿ.

"ಬ್ಯಾಡ," ಎಂದಳು ಗೀತಮ್ಮ. "ಆ ಅಂಚು ನನ್ನ ಕಣ್ಣಿಗೆ ಕಾಣೋಗಂಟ ಯಾರೂ ಮುಟ್ಟಬ್ಯಾಡ್ರಿ."