ಡಾಕ್ಟರ್ ಕೇಳಿದ್ದು ಅವಳನ್ನು

"ಹಾರ್ಮೋನ್ ಶುರು ಮಾಡಿ ಎರಡು ತಿಂಗಳಾಯ್ತು. ಈಗ ಹೇಗಿದೀರಿ?" ಎಂದು ಡಾಕ್ಟರ್ ಕೇಳಿದ್ದು ಅವಳನ್ನು. ಉತ್ತರ ಕೊಟ್ಟವನು ಪಕ್ಕದ ಕುರ್ಚಿಯಲ್ಲಿದ್ದ ಗಂಡ. "ತುಂಬಾ ವಾಸಿ ಡಾಕ್ಟ್ರೇ. ಮುಟ್ಟು ನಿಂತಾಗಿನಿಂದ ಮಾತೆತ್ತಿದ್ರೆ ಸಿಡೀತಿದ್ಲು, ಈಗ ಹಸು ಥರ ಇದಾಳೆ. ಇದೇ ಡೋಸ್ ಮುಂದುವರಿಸಿ." ಡಾಕ್ಟರ್ ಚೀಟಿ ಬರೆಯತೊಡಗಿದರು.

ಅವಳು ಟೈಲರ್. ಮೈ ಕುದಿಯುವುದು, ಬೆವರುವುದು ನಿಂತದ್ದೇನೋ ನಿಜ. ಆದರೆ ರಾತ್ರಿ ನುಂಗಿದ ಮಾತ್ರೆಯ ಮಂಪರು ಮಧ್ಯಾಹ್ನವಾದರೂ ಇಳಿಯುತ್ತಿರಲಿಲ್ಲ. ಎದೆ ಹುಣ್ಣಿನಂತೆ ನೋಯುತ್ತಿತ್ತು. ನಿನ್ನೆಯಷ್ಟೇ ಗಿರಾಕಿಯೊಬ್ಬಳ ರೇಷ್ಮೆಯನ್ನು ಗುರುತು ತಪ್ಪಿ ಅಡ್ಡಾದಿಡ್ಡಿ ಕತ್ತರಿಸಿ, ಅಂಗಡಿಯ ಬಾಗಿಲು ಮುಂದೆ ಮಾಡಿಕೊಂಡು ಅತ್ತಿದ್ದಳು. ಗಂಡ ಅದನ್ನು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ. ಈಗ ಅವಳು ಕೈ ಚಾಚಿ, ಅರ್ಧ ಬರೆದ ಚೀಟಿಯ ಮೇಲೆ ಅಂಗೈ ಊರಿದಳು.

"ಸಿಟ್ಟು ಬರುತ್ತೆ ಡಾಕ್ಟ್ರೇ," ಎಂದಳು. "ಸಿಡಿಯೋಕೆ ತ್ರಾಣ ಇಲ್ಲ, ಅಷ್ಟೇ."

"ಅಲ್ಲ ಕಣೇ, ಮನೇಲಿ ಈಗ ಎಷ್ಟು ನೆಮ್ಮದಿ..." ಗಂಡ ಬಾಯಿ ಹಾಕಿದ.

"ನೆಮ್ಮದಿ ನಿಮಗೆ. ಮಾತ್ರೆ ನುಂಗ್ತಿರೋಳು ನಾನು. ನೀವು ಸ್ವಲ್ಪ ಹೊರಗೆ ಕೂತಿರಿ."

ಗಂಡ ಡಾಕ್ಟರ ಮುಖ ನೋಡಿದ. ಡಾಕ್ಟರು ಬಾಗಿಲ ಕಡೆ ನೋಡಿದರು. ಅವನು ಎದ್ದು ಹೋದ ಮೇಲೆ ಅವರು ಬರೆದಷ್ಟನ್ನು ಹೊಡೆದುಹಾಕಿ, ಕುರ್ಚಿಯನ್ನು ಅವಳತ್ತ ತಿರುಗಿಸಿಕೊಂಡರು. "ಡೋಸ್ ಬದಲಾಯಿಸಿ ನೋಡೋಣ. ಏನೇನಾಗ್ತಿದೆ, ಮೊದಲಿಂದ ಹೇಳಿ."

"ಸ್ವಲ್ಪ ಹೊತ್ತು ಹಿಡಿಯುತ್ತೆ," ಎಂದಳು ಅವಳು.